ಕೀಲಿ ತಿರುವಿದರೆ ಒಂದು ದಿನ

ಸೊಲ್ಲಾಪುರದ ಆ ಮಿಲ್ಲಿನಲ್ಲಿ ಎಪ್ಪತ್ತೆಂಟನೆಯ ಇಸವಿಯ ಹೊತ್ತಿಗೆ ತಂಪು ಗಾಳಿ ಬರುವ ಕೋಣೆ ಒಂದೇ ಒಂದಿತ್ತು. ಅದು ಮಾಲೀಕರದಲ್ಲ, ಮ್ಯಾನೇಜರರದೂ ಅಲ್ಲ, ಕಂಪ್ಯೂಟರಿನದು. ಬೇಸಿಗೆ ಬಂತೆಂದರೆ ಮ್ಯಾನೇಜರ್ ಸಾಹೇಬರು ಏನಾದರೊಂದು ನೆವ ಮಾಡಿಕೊಂಡು ಅಲ್ಲಿಗೆ ಬರುತ್ತಿದ್ದರು. ಕಾಲು ಗಂಟೆ ನಿಂತು, ಯಂತ್ರ ತಮಗೆ ಪೂರ್ತಿ ಅರ್ಥವಾಗಿದೆ ಅನ್ನುವ ಹಾಗೆ ತಲೆಯಾಡಿಸಿ, ಬೆವರು ಆರಿದ ಮೇಲೆ ಹೋಗುತ್ತಿದ್ದರು.

ಯಂತ್ರವನ್ನು ನಿಜವಾಗಿ ಅರ್ಥ ಮಾಡಿಕೊಂಡವಳು ಕಸ್ತೂರಬಾಯಿ. ಚಾಟಿಗಲ್ಲಿಯ ನೂಲಿನ ವ್ಯಾಪಾರಿ ಚನ್ನವೀರಪ್ಪನವರ ಕೊನೆಯ ಮಗಳು; ವಯಸ್ಸು ಇಪ್ಪತ್ತನಾಲ್ಕು, ಗಣಿತದಲ್ಲಿ ಬಿ.ಎಸ್ಸಿ. ನೌಕರಿಯ ಮಾತು ಬಂದಾಗ ಚನ್ನವೀರಪ್ಪನವರು ಸಂಬಳ ಎಷ್ಟೆಂದು ಕೇಳಲಿಲ್ಲ, "ಆ ಖೋಲ್ಯಾಗ ಮತ್ಯಾರ ಕೂಡತಾರ?" ಎಂದು ಕೇಳಿದರು. ಯಾರೂ ಕೂಡುವುದಿಲ್ಲ, ಕಬ್ಬಿಣದ ಕಪಾಟಿನಂಥ ಯಂತ್ರವೊಂದೇ ಎಂದು ತಿಳಿದ ಮೇಲೆ ಹೂಂ ಅಂದರು. ಆ ಕಪಾಟು ಬೆಳಗಿನ ಆರಕ್ಕೇ ಏಳಬೇಕು ಅನ್ನುವುದನ್ನು ಮಾತ್ರ ಆಗ ಯಾರೂ ಅವರಿಗೆ ಹೇಳಲಿಲ್ಲ. ಕಸ್ತೂರಬಾಯಿಯೂ ಜಾಣತನದಿಂದ ಬಾಯಿ ಮುಚ್ಚಿಕೊಂಡಿದ್ದಳು.

ಆರಕ್ಕೇ ಏಕೆಂದರೆ ಅದರ ಮೊದಲ ಕೆಲಸ ಬದಲಿಯವರ ಯಾದಿ. ಮಿಲ್ಲಿನಲ್ಲಿ ಕಾಯಂ ಕೆಲಸಗಾರರು ಬೇರೆ, ಬದಲಿಯವರು ಬೇರೆ. ಕಾಯಂ ಆದವನು ತಪ್ಪಿಸಿದ ದಿನ ಅವನ ಮಗ್ಗಕ್ಕೆ ನಿಲ್ಲುವವನು ಬದಲಿ. ಇಂಥ ಅರವತ್ತು ಮಂದಿ ದಿನಾ ಐದೂವರೆಗೆ ಗೇಟಿನ ಮುಂದೆ ಬಂದು ನಿಲ್ಲುತ್ತಿದ್ದರು. ನಲವತ್ತೈದು ಮಂದಿಗೆ ಕೆಲಸ, ಹದಿನೈದು ಮಂದಿ ಬಂದ ದಾರಿಗೆ ಸುಂಕವಿಲ್ಲದೆ ವಾಪಸು. ಯಾರು ಒಳಗೆ, ಯಾರು ಹೊರಗೆ ಎಂಬುದನ್ನು ಮೊದಲೆಲ್ಲ ಕೆಲಸಗಾರರ ಮೇಸ್ತ್ರಿಯಾದ ಮುಕಾದಮ ಹೇಳುತ್ತಿದ್ದ. ಅವನ ಮನೆಗೆ ಕೋಳಿ ಮುಟ್ಟಿಸಿದವರು ಒಳಗೆ, ಮುಟ್ಟಿಸದವರು ಹೊರಗೆ. ಯೂನಿಯನ್ನಿನವರು ಕೂಗಾಡಿ ಕೂಗಾಡಿ ಕೊನೆಗೆ ಯಾದಿಯನ್ನು ಕಂಪ್ಯೂಟರಿಗೆ ಕೊಡಿಸಿದರು. ಅರವತ್ತು ಮಂದಿಯನ್ನು ಹದಿನೈದರಂತೆ ನಾಲ್ಕು ಗುಂಪು ಮಾಡಿ ದಿನಕ್ಕೊಂದು ಗುಂಪಿಗೆ ಬಿಡುವು. ನಾಲ್ಕು ದಿನಕ್ಕೊಮ್ಮೆ ಸರದಿ ಸುತ್ತಿ ಬರುತ್ತಿತ್ತು. ಮುಕಾದಮನ ಮನೆಯಲ್ಲಿ ಕೋಳಿಯ ಸಾರು ಬಂದ್ ಆಯಿತು.

ಆ ಅರವತ್ತರಲ್ಲಿ ಕುಂಭಾರಿಯ ಧೂಳಪ್ಪನೂ ಒಬ್ಬ. ಕುರಿ ಕಾಯುವ ಮನೆಯವನು, ಬೀರಪ್ಪನ ಒಕ್ಕಲು. ಕುರಿಯನ್ನು ತಮ್ಮನಿಗೆ ಬಿಟ್ಟು ಮಗ್ಗಕ್ಕೆ ಬಂದಿದ್ದ. ಮಿಲ್ಲಿಗೂ ಯೂನಿಯನ್ನಿಗೂ ಒಂದು ಕರಾರಿತ್ತು: ಸೇರಿದ ದಿನದಿಂದ ವರ್ಷ ತುಂಬುವುದರೊಳಗೆ ಇನ್ನೂರಾ ನಲವತ್ತು ದಿನ ದುಡಿದವನನ್ನು ಕಾಯಂ ಮಾಡಿಕೊಳ್ಳಬೇಕು. ಒಂದು ದಿನ ಕಡಿಮೆಯಾದರೂ ಎಣಿಕೆ ಮತ್ತೆ ಸೊನ್ನೆಯಿಂದ ಶುರು. ಧೂಳಪ್ಪ ಹಿಂದೆ ಎರಡು ವರ್ಷ ಹೀಗೆ ಸೊನ್ನೆಗೆ ಬಿದ್ದಿದ್ದ. ಈ ವರ್ಷ ಹಟ ಹಿಡಿದಿದ್ದ. ತನ್ನ ಗುಂಪಿಗೆ ಬಿಡುವಿದ್ದ ದಿನವೂ ನಸುಕಿನಲ್ಲೇ ಸೈಕಲ್ಲು ತುಳಿದುಕೊಂಡು ಬಂದು ಗೇಟಿನಲ್ಲಿ ನಿಲ್ಲುತ್ತಿದ್ದ. ಯಾದಿಯಲ್ಲಿದ್ದವನು ಯಾರಾದರೂ ಬಾರದೆ ಹೋದರೆ ಆ ಜಾಗ ನಿಂತವನಿಗೆ ಸಿಗುತ್ತಿತ್ತು.

ಯಾದಿಯಲ್ಲಿ ಹೆಸರಿನ ಮುಂದೆ ಅವರವರ ದಿನಗಳ ಲೆಕ್ಕವೂ ಮೂಡುತ್ತಿತ್ತು. ಆದರೂ ಧೂಳಪ್ಪನಿಗೆ ಅದನ್ನು ಕಸ್ತೂರಬಾಯಿಯ ಬಾಯಿಂದಲೇ ಕೇಳಬೇಕು. ಪಾಳಿ ಮುಗಿದು ಮೂರು ಗಂಟೆಗೆ ಥಂಡಿ ಕೋಣೆಯ ಕಿಟಕಿಗೆ ಬಂದು, ಕೈಯಲ್ಲಿ ಹತ್ತಿಯ ಎಳೆ ಅಂಟಿಸಿಕೊಂಡೇ ನಿಂತು ಕೇಳುತ್ತಿದ್ದ: "ಅಕ್ಕಾರ, ಇನ್ನ ಎಷ್ಟ ಉಳದಾವ್ರಿ?"

"ಎಂಬತ್ತೊಂದು ನೋಡಪ್ಪ."

"ಎಂಬತ್ತೇನ ದೊಡ್ಡದರಿ," ಎಂದು ಹೋಗುತ್ತಿದ್ದ. ನಾಳೆ ಬಂದರೆ ಎಂಬತ್ತು ಎಂಬುದನ್ನು ಅವನು ಆಗಲೇ ಎಣಿಸಿ ಆಗಿರುತ್ತಿತ್ತು.

ಕಪಾಟನ್ನು ಎಬ್ಬಿಸುವುದು ಸಣ್ಣ ಕೆಲಸವಾಗಿರಲಿಲ್ಲ. ಅದು ರಾತ್ರಿ ಕೀಲಿ ಆರಿಸಿದ ಕೂಡಲೇ ಎಲ್ಲವನ್ನೂ ಮರೆಯುವ ಜಾತಿಯದು. ಬೆಳಿಗ್ಗೆ ಕರೆಂಟು ಕೊಟ್ಟರೆ ಕೆಂಪು ದೀಪ ಬಿಟ್ಟುಕೊಂಡು ಸುಮ್ಮನೆ ಕೂಡುತ್ತಿತ್ತು. ಅದರ ಎದೆಯ ಮೇಲೆ ಹದಿನಾರು ಗುಂಡಿಗಳಿದ್ದವು. ಅವನ್ನು ಹೇಳಿದ ಹಾಗೆ ಮೇಲೆ ಕೆಳಗೆ ಮಾಡಿ ಒತ್ತಿದರೆ ಒಂದು ಆಜ್ಞೆ; ಅಂಥವು ಇಪ್ಪತ್ತೆರಡು. ಅಷ್ಟೂ ತಪ್ಪದೆ ಹೇಳಿದ ಮೇಲೆ ಅದಕ್ಕೆ ಟೇಪು ಓದುವಷ್ಟು ಬುದ್ಧಿ ಬರುತ್ತಿತ್ತು. ಟೇಪು ಓದಿಕೊಂಡ ಮೇಲೆ ಇವತ್ತು ಯಾವ ದಿನ ಎಂದು ಕೇಳುತ್ತಿತ್ತು. ದಿನ ಹೇಳಿದರೆ ಯಾದಿ ಅಚ್ಚಾಗುತ್ತಿತ್ತು. ಇಪ್ಪತ್ತೆರಡರಲ್ಲಿ ಒಂದು ತಪ್ಪಿದರೂ ಮತ್ತೆ ಮೊದಲಿನಿಂದ. ಕಸ್ತೂರಬಾಯಿಗೆ ಅದು ಎಷ್ಟು ಬಾಯಿಪಾಠವಾಗಿತ್ತೆಂದರೆ, ಮನೆಯಲ್ಲಿ ಊಟಕ್ಕೆ ಕೂತಾಗಲೂ ಬೆರಳು ತಾಟಿನ ಅಂಚಿನ ಮೇಲೆ ಆಡುತ್ತಿದ್ದವು.

ಇದಕ್ಕಾಗಿ ಅವಳು ದಿನಾ ಐದೂವರೆಗೆ ಮನೆ ಬಿಡಬೇಕಿತ್ತು. ಕೆಲಸಕ್ಕೆ ಸೇರಿದ ಮೇಲೆ ಹೊತ್ತು ಗೊತ್ತಾದ ಅಪ್ಪ ಹೇಳಿದಂತೆ, ಅಣ್ಣ ರಾಚಪ್ಪ ಲ್ಯಾಂಬ್ರೆಟಾ ಸ್ಕೂಟರಿನ ಮೇಲೆ ಕೂಡಿಸಿಕೊಂಡು ಬಿಟ್ಟು ಬರುತ್ತಿದ್ದ, ದಾರಿಯುದ್ದಕ್ಕೂ ಆಕಳಿಸುತ್ತ. ಗೇಟಿನ ಮುಂದೆ ಅರವತ್ತು ಗಂಡಸರ ಗುಂಪು. ಧೂಳಪ್ಪ ಮುಂದೆ ಬಂದು, "ಅಕ್ಕಾರ ಬಂದ್ರು, ಸರೀರೆಪಾ, ದಾರಿ ಕೊಡ್ರಿ" ಎಂದು ಕೈ ಚಾಚಿ ದಾರಿ ಮಾಡುತ್ತಿದ್ದ. ಅವಳಿಗೆ ಅದರಲ್ಲಿ ಭಯವೇನೂ ಕಂಡಿರಲಿಲ್ಲ. ಭಯ ಕಂಡದ್ದು ಅಕ್ಕಲಕೋಟದವರಿಗೆ.

ಅಕ್ಕಲಕೋಟದ ಅಡತಿ ಅಂಗಡಿಯವರು ಮಗನಿಗೆ ಹೆಣ್ಣು ನೋಡಲು ಬಂದವರು, ಸುಸಲಾ ತಿಂದು, ಚಹಾ ಕುಡಿದು, ಹುಡುಗಿ ಹಿಡಿಸಿದಳೆಂದು ಹೇಳಿ ಹೋದರು. ಹದಿನೈದು ದಿನ ಬಿಟ್ಟು ಮಾತು ಕಳಿಸಿದರು: ನಿಮ್ಮ ಹುಡುಗಿ ಬೆಳಕು ಹರಿಯುವ ಮುಂಚೆ ದಿನಾ ಎಲ್ಲಿಗೆ ಹೋಗುತ್ತಾಳೆ? ಚನ್ನವೀರಪ್ಪನವರು ಅಂಗಡಿಯಲ್ಲಿ ಆ ಮಾತು ಕೇಳಿ, ಮನೆಗೆ ಬಂದು, ಕೈಕಾಲು ತೊಳೆದುಕೊಂಡು ಮಗಳನ್ನು ಕರೆದರು. ಕೂಗಾಡಲಿಲ್ಲ. ಅವರು ಗಿರಾಕಿಯ ಮೇಲೂ ಕೂಗಾಡಿದವರಲ್ಲ.

"ಕೆಲಸ ಬಿಡಂತ ನಾ ಅನ್ನೂದಿಲ್ಲ. ಹತ್ತಕ್ಕ ಹೋಗು, ಆರಕ್ಕ ಬಾ. ನಸೀಕಿನ್ಯಾಗ ಹೊಸ್ತಿಲಾ ದಾಟಿದಿ ಅಂದ್ರ ಅವತ್ತಿಗೆ ನೌಕರಿ ಮುಗೀತು. ಕಬೂಲ?"

"ಕಬೂಲ," ಅಂದಳು ಕಸ್ತೂರಬಾಯಿ. ಮಿಲ್ಲಿನವರಿಂದ ಒಂದು ತಿಂಗಳ ಸಮಯ ಕೇಳಿಕೊಂಡಳು. ತಾನಿಲ್ಲದೆ ಯಂತ್ರ ಏಳುವ ಹಾಗೆ ಮಾಡುವುದೊಂದೇ ಅವಳಿಗೆ ಉಳಿದ ದಾರಿಯಾಗಿತ್ತು.

ದುರಸ್ತಿಗೆ ಮುಂಬಯಿಯಿಂದ ಬಂದಿದ್ದ ಎಂಜಿನಿಯರನ್ನು ಕಾಡಿ ಬೇಡಿ, ಆ ಇಪ್ಪತ್ತೆರಡು ಆಜ್ಞೆಗಳನ್ನು ಒಳಗೇ ಉಳಿಸಿಕೊಳ್ಳುವ ಉಗುರಿನಷ್ಟು ದೊಡ್ಡ ಬಿಡಿಭಾಗವೊಂದನ್ನು ಕೂಡಿಸಿಕೊಂಡಳು. ಇನ್ನು ಕೀಲಿ ತಿರುವಿದರೆ ಸಾಕು, ಯಂತ್ರ ತಾನೇ ಟೇಪು ಓದುತ್ತಿತ್ತು. ಓದಿದ ಕಾರ್ಯಕ್ರಮ ಯಾರ ಅಪ್ಪಣೆಗೂ ಕಾಯದೆ ನಡೆಯುವ ಹಾಗೆ ಟೇಪಿನ ತಲೆಯಲ್ಲಿ ತಾನೇ ಬರೆದಳು. ಒಂದೇ ತೊಡಕು ಉಳಿಯಿತು. ಇವತ್ತು ಯಾವ ದಿನ ಎಂದು ಯಂತ್ರ ಕೇಳಿದರೆ ಹೇಳುವವರು ಯಾರು? ಅದಕ್ಕೆ ಗಡಿಯಾರವಿರಲಿಲ್ಲ. ಕೀಲಿ ತಿರುವುವವನು ವಾಚ್‌ಮನ್ ಅಣ್ಣಾರಾಯ, ಅವನಿಗೆ ಅಕ್ಷರ ಬರುತ್ತಿರಲಿಲ್ಲ. ಮೂರು ದಿನ ಯೋಚಿಸಿ ಕಸ್ತೂರಬಾಯಿ ಉಪಾಯ ಹೂಡಿದಳು. ಯಂತ್ರ ಕೇಳುವುದೇ ಬೇಡ. ಒಮ್ಮೆ ಎದ್ದರೆ ಒಂದು ದಿನ. ಟೇಪಿನಲ್ಲಿ ನಿನ್ನೆಯ ಅಂಕಿ ಇರುತ್ತದೆ, ಅದಕ್ಕೆ ಒಂದು ಕೂಡಿಸಿಕೊಂಡು ಮುಂದಿನ ಗುಂಪಿಗೆ ಬಿಡುವು ಕೊಡಲಿ. ಯಾದಿ ನಡುವೆ ಕರೆಂಟು ಹೋಗಿ ಮತ್ತೆ ಬಂದರೆ? ಅದನ್ನೂ ನೆನೆದಳು. ಯಾದಿ ಪೂರ್ತಿ ಅಚ್ಚಾದ ಮೇಲೆಯೇ ಹೊಸ ಅಂಕಿ ಟೇಪಿಗೆ ಹೋಗುವಂತೆ ಮಾಡಿದಳು. ತನ್ನ ಜಾಣತನಕ್ಕೆ ತಾನೇ ಖುಷಿಪಟ್ಟು ಆ ದಿನ ಮನೆಗೆ ಪೇಢೆ ತಂದಳು.

ಅಣ್ಣಾರಾಯನಿಗೆ ಪಾಠವಾಯಿತು. "ಮುಂಜಾನೆ ಆರಕ್ಕ ಒಮ್ಮೆ ತಿರುವು. ಕಾಗದ ಬಂತಂದ್ರ ಆರಿಸಿ, ಹರದು ಬೋರ್ಡಿಗೆ ಹಚ್ಚು. ದಿನಕ್ಕ ಒಮ್ಮೆ. ಐತವಾರ ಸೂಟಿ, ಮುಟ್ಟಬ್ಯಾಡ."

"ತಿಳೀತ್ರಿ ಬಾಯೀರ. ದಿನಕ್ಕೊಮ್ಮಿ," ಅಂದ ಅಣ್ಣಾರಾಯ. ಅವನು ನೇಮದ ಮನುಷ್ಯ. ಸಂಜೆ ಮನೆಗೆ ಹೊರಡುವ ಮುಂಚೆ ಕಸ್ತೂರಬಾಯಿ ಯಾದಿಯ ಟೇಪು ಹಾಕಿಟ್ಟು ಹೋಗುವುದು, ಬೆಳಿಗ್ಗೆ ಅವನು ತಿರುವುವುದು. ಆಗಸ್ಟ್ ಹೋಯಿತು, ಸೆಪ್ಟೆಂಬರ್ ಹೋಯಿತು, ಒಂದು ದಿನವೂ ತಪ್ಪಲಿಲ್ಲ. ಅವಳು ಹತ್ತಕ್ಕೆ ಹೋಗಿ ಆರಕ್ಕೆ ಬಂದಳು. ಅಕ್ಕಲಕೋಟದವರು ಮತ್ತೆ ಮಾತು ಕಳಿಸಿದರು. ರಾಚಪ್ಪ ಏಳರ ತನಕ ಮಲಗಿದ.

ಖಂಡೇಪೂಜೆ ಅಂದರೆ ಆಯುಧಪೂಜೆಯ ದಿನ ಮಿಲ್ಲು ಬಂದ್ ಇರುತ್ತದೆ. ಮಗ್ಗಗಳನ್ನು ಒರೆಸಿ, ಕುಂಕುಮ ಹಚ್ಚಿ, ನಿಂಬೆಹಣ್ಣು ಕೊಯ್ದು, ಕಾಯಿ ಒಡೆದು, ಒಂದೊಂದನ್ನೂ ಒಂದು ಸುತ್ತು ತಿರುಗಿಸಿ ನಿಲ್ಲಿಸುತ್ತಾರೆ. ಪೂಜೆ ಮಾಡಿಸಿಕೊಂಡ ಯಂತ್ರ ಒಂದು ಸುತ್ತಾದರೂ ಆಡದಿದ್ದರೆ ಪೂಜೆ ಮುಟ್ಟಿದ ಹಾಗಲ್ಲ ಎಂಬುದು ಅಲ್ಲಿಯ ನಂಬಿಕೆ. ಕಸ್ತೂರಬಾಯಿ ಆ ದಿನ ಚಾಟಿಗಲ್ಲಿಯಲ್ಲಿ ಅಪ್ಪನ ತಕ್ಕಡಿಗೂ ಗಜಕಡ್ಡಿಗೂ ಹೂವೇರಿಸುತ್ತಿದ್ದಳು. ಹಿಂದಿನ ಸಂಜೆ ರೂಢಿಯ ಮೇಲೆ ಟೇಪು ಹಾಕಿಟ್ಟು ಬಂದದ್ದು ಅವಳ ನೆನಪಿನಲ್ಲೇ ಇರಲಿಲ್ಲ. ಇತ್ತ ಮಿಲ್ಲಿನಲ್ಲಿ ಎಲ್ಲ ಮಗ್ಗಗಳ ಪೂಜೆ ಮುಗಿದ ಮೇಲೆ ಅಣ್ಣಾರಾಯನಿಗೆ ಥಂಡಿ ಕೋಣೆಯ ಕಪಾಟಿನ ಮೇಲೆ ಕರುಣೆ ಬಂತು. ಇಷ್ಟು ದುಡಿಯುವ ಯಂತ್ರಕ್ಕೆ ಕುಂಕುಮವೂ ಇಲ್ಲವೇ? ಕುಂಕುಮ ಹಚ್ಚಿದ, ಊದಿನಕಡ್ಡಿ ಬೆಳಗಿದ, ಕಾಯಿ ಒಡೆದ. ಆಮೇಲೆ ಎಲ್ಲಕ್ಕೂ ಮಾಡಿದಂತೆ ಇದಕ್ಕೂ ಒಂದು ಸುತ್ತು ಆಡಿಸಬೇಕಲ್ಲ, ಕೀಲಿ ತಿರುವಿದ. ದಿನಕ್ಕೊಮ್ಮೆ ಎಂಬ ಮಾತನ್ನೂ ಅವನು ಮೀರಿರಲಿಲ್ಲ.

ಯಂತ್ರ ತಾನೇ ಎದ್ದಿತು, ಟೇಪು ಓದಿತು, ಯಾದಿ ಅಚ್ಚು ಮಾಡಿತು, ದಿನದ ಅಂಕಿಗೆ ಒಂದು ಕೂಡಿಸಿಕೊಂಡಿತು. ಕರೆಂಟು ಹೋಗುವುದನ್ನು ನೆನೆದಿದ್ದ ಕಸ್ತೂರಬಾಯಿ ಕುಂಕುಮ ಬರುವುದನ್ನು ನೆನೆದಿರಲಿಲ್ಲ. ಅಣ್ಣಾರಾಯ ಆ ಕಾಗದವನ್ನು ಹರಿದು, ಅದಕ್ಕೂ ಕುಂಕುಮ ಹಚ್ಚಿ, ಮಡಿಚಿ ತನ್ನ ಟ್ರಂಕಿನಲ್ಲಿಟ್ಟ.

ದಸರೆ ಕಳೆದು ಮಿಲ್ಲು ತೆರೆಯಿತು. ಬಿಡುವು ಬರಬೇಕಿದ್ದ ಒಂದು ಗುಂಪಿಗೆ ಬಿಡುವು ಬರಲಿಲ್ಲ, ಕೆಲಸ ಬಂತು. ಕೇಳದೆ ಸಿಕ್ಕ ಕೆಲಸದ ಬಗ್ಗೆ ಯಾರು ತಕರಾರು ತೆಗೆಯುತ್ತಾರೆ? ಮಿಕ್ಕ ಮೂರು ಗುಂಪಿನ ಬಿಡುವು ಒಂದೊಂದು ದಿನ ಮೊದಲೇ ಬಂತು. ಮಂದಿ, "ಮಿಷನ್ನಿಗೂ ದಸರೆಯ ಅಮಲು" ಎಂದು ನಕ್ಕು ಮರೆತರು.

ಮರುವಾರ ಬುಧವಾರ ಮೂರು ಗಂಟೆಗೆ ಧೂಳಪ್ಪ ಕಿಟಕಿಗೆ ಬಂದ. ಮುಖ ಊರಗಲ.

"ಅಕ್ಕಾರ, ಇನ್ನ ಎಷ್ಟ ಉಳದಾವ್ರಿ?"

"ಒಂದು."

"ನಾಳೆಗೆ ನನ್ನ ವರ್ಸಾನೂ ತುಂಬತೈತ್ರಿ. ದಸರೇಕ ಮೊದಲ ಎಣಿಸಿಟ್ಟೀನ್ರಿ, ನಾಳಿದ್ದ ನಮ್ಮ ಬಿಡುವು. ಬೀರಪ್ಪ ಸರೀ ಎಣಿಸ್ಯಾನ ನೋಡ್ರಿ. ರೇವಮ್ಮ ಆಗಲೇ ಮಂದಿಗೆಲ್ಲಾ ಹೇಳಿ ಕೂತಾಳ." ರೇವಮ್ಮ ಅವನ ಹೆಂಡತಿ. "ದೀಪಾವಳಿ ಸನೇಕ ಬಂತು, ಯಾರೂ ತಪ್ಪಸೂದಿಲ್ಲ. ನನ್ನ ಹೆಸರ ಯಾದ್ಯಾಗ ಇರತೈತಲ್ರಿ?"

"ಇರತದ," ಅಂದಳು ಕಸ್ತೂರಬಾಯಿ. ಅವನು ಹೋದ ಮೇಲೆ ಸುಮ್ಮನೆ ಖಾತ್ರಿಗೆಂದು ನಾಳೆ ಯಾವ ಗುಂಪಿಗೆ ಬಿಡುವೆಂದು ಟೇಪು ಹಾಕಿ ನೋಡಿದಳು. ಧೂಳಪ್ಪನ ಗುಂಪಿಗೆ.

ತನ್ನ ವಹಿ ತೆಗೆದು ಮಿಲ್ಲು ನಡೆದ ದಿನಗಳನ್ನು ಬೆರಳಿಟ್ಟು ಎಣಿಸಿದಳು. ಯಂತ್ರದ ದಿನ ಒಂದು ಹೆಚ್ಚಿತ್ತು. ಎರಡನೆಯ ಸಲ ಎಣಿಸಿದಾಗಲೂ ಒಂದು ಹೆಚ್ಚು. ಅಣ್ಣಾರಾಯನನ್ನು ಕರೆದು ಕೇಳಿದರೆ ಅವನು ಖುಷಿಯಿಂದ ಟ್ರಂಕು ತೆರೆದು ಕುಂಕುಮದ ಕಾಗದ ತಂದ. "ಖಂಡೇಪೂಜಿ ದಿನದ್ದರಿ. ಒಂದ ಸುತ್ತ ಆಡಿಸಿದ್ನಿ. ಪ್ರಸಾದಂತ ಇಟ್ಟೀನಿ." ಅವನ ಮೇಲೆ ಸಿಟ್ಟು ಮಾಡಲು ಅವಳಿಂದ ಆಗಲಿಲ್ಲ. ಟೇಪು ಹಾಕಿಟ್ಟು ಹೋದವಳು ಅವಳೇ, ಎದ್ದರೆ ಒಂದು ದಿನ ಎಂದು ಕಲಿಸಿದವಳೂ ಅವಳೇ.

ಸರಿಪಡಿಸುವುದು ಕಷ್ಟವಿರಲಿಲ್ಲ. ಖಾಲಿ ಹೋದ ಆ ಪೂಜೆಯ ದಿನದ ಸರದಿಯನ್ನು ನಾಳೆ ನಡೆಸಿದರಾಯಿತು. ಅವತ್ತು ಬಿಡುವು ತಪ್ಪಿದ ಗುಂಪು ನಾಳೆ ಬಿಡುವು ತೆಗೆದುಕೊಳ್ಳುತ್ತದೆ, ಧೂಳಪ್ಪನ ಗುಂಪು ಕೆಲಸಕ್ಕೆ ಬರುತ್ತದೆ. ನಾಳಿದ್ದಿನಿಂದ ಎಲ್ಲ ಮೊದಲಿನಂತೆ. ಆದರೆ ಯಾದಿ ಬದಲಿಸಲು ಲೇಬರ್ ಆಫೀಸರ್ ಸಾತಲಿಂಗಪ್ಪನವರ ಅಪ್ಪಣೆ ಬೇಕು. ಕುಂಕುಮದ ಕಾಗದ ಹಿಡಿದುಕೊಂಡು ಅವರ ಕೋಣೆಗೆ ಹೋದಳು.

ಸಾತಲಿಂಗಪ್ಪನವರು ಪೂರ್ತಿ ಕೇಳಿದರು. ಕಾಗದವನ್ನು ಹಿಂದೆ ಮುಂದೆ ತಿರುವಿ ನೋಡಿದರು.

"ಇದು ಎಷ್ಟ ಮಂದಿಗೆ ಗೊತ್ತದ?"

"ನನಗ, ಅಣ್ಣಾರಾಯಗ. ಈಗ ನಿಮಗರಿ ಸಾಹೇಬ್ರ."

"ಹಂಗಾದ್ರ ಯಾರಿಗೂ ಗೊತ್ತಿಲ್ಲ. ಅಸೂ ದ್ಯಾ, ಇರಲಿ ಬಿಡ್ರಿ." ಕಾಗದವನ್ನು ತಿರುಗಿ ಅವಳ ಮುಂದಿಟ್ಟರು. "ಬಾಯೀರ, ನಾಕ ದಿನಕ್ಕೊಂದು ಬಿಡುವು ಯಾಕ ಇಟ್ಟೀವಿ? ಯಾರೂ ಇನ್ನೂರಾ ನಲವತ್ತ ಮುಟ್ಟಬಾರದಂತ. ಇವ ಗೇಟಿನ್ಯಾಗ ನಿಂತ ನಿಂತ ಮುಟ್ಟಾಕ ಬಂದಾನ. ಈಗ ಮಿಷನ್ನ ಅವನ್ನ ತಡದದ. ನಾ ತಡದಿಲ್ಲ, ನೀವ ತಡದಿಲ್ಲ."

"ಮಿಷನ್ ತಪ್ಪ ಮಾಡ್ಯದರಿ. ನಾ ತಪ್ಪ ಮಾಡೀನಿ."

"ಹಂಗಂತ ನೀವು ಬರದು ಕೊಟ್ರ, ಈ ಆಟೋಮ್ಯಾಟಿಕ್ ತಗದ ಹಾಕಬೇಕಾಗತದ. ಮತ್ತ ನೀವ ಐದೂವರೆಗೆ ಬರಬೇಕು. ನಿಮ್ಮ ತಂದೇರು ಒಪ್ಪತಾರೇನ್ರಿ?" ಅವರ ದನಿಯಲ್ಲಿ ಕೆಡುಕೇನೂ ಇರಲಿಲ್ಲ, ಮನೆಯ ಹಿರಿಯರಂತೆ ಕೇಳಿದರು. "ಇಷ್ಟ ಚಲೋ ನಡದದ. ಅಕ್ಕಲಕೋಟದ ಮಾತೂ ಕೂಡಿ ಬಂದದಂತ ಕೇಳೀನಿ. ಹೋಗ್ರಿ, ಚಹಾ ಕುಡೀರಿ."

ಅವಳು ಚಹಾ ಕುಡಿಯಲಿಲ್ಲ. ಕೋಣೆಗೆ ಬಂದು ಯಂತ್ರದ ಮುಂದೆ ಕೂತಳು. ಈಗಲೇ ಟೇಪಿನ ಅಂಕಿ ಬದಲಿಸಿಟ್ಟು ಹೋಗೋಣವೆಂದರೆ ಬಾಗಿಲಲ್ಲಿ ಸಾತಲಿಂಗಪ್ಪನವರ ಗುಮಾಸ್ತ ಬಂದು ನಿಂತ. ಇವತ್ತು ಟೇಪು ಹಾಕಿದ ಮೇಲೆ ಕೋಣೆ ಮುಚ್ಚಿ ಬೀಗದಕೈ ತಮಗೆ ತಲುಪಿಸಬೇಕೆಂದು ಸಾಹೇಬರು ಹೇಳಿದ್ದರಂತೆ; ಬೀಗ ಬೀಳುವ ತನಕ ಅವನು ಬಾಗಿಲು ಬಿಟ್ಟು ಕದಲಲಿಲ್ಲ. ಬೆಳಿಗ್ಗೆ ಆರಕ್ಕೆ ಸ್ವಲ್ಪ ಮುಂಚೆ ಅಣ್ಣಾರಾಯನಿಗೆ ಆ ಬೀಗದಕೈ ಸಿಗುತ್ತದೆ. ಸರಿಪಡಿಸುವುದಿದ್ದರೆ ಆ ಹೊತ್ತಿಗೆ ಅವಳು ಅಲ್ಲಿರಬೇಕು, ಬೇರೆ ಹೊತ್ತು ಇರಲಿಲ್ಲ.

ಸಂಜೆ ಊಟಕ್ಕೆ ಬಡಿಸುವಾಗ ಕಸ್ತೂರಬಾಯಿ ಅಪ್ಪನಿಗೆ ಹೇಳಿದಳು. "ನಾಳೆ ಐದೂವರೆಗೆ ಹೋಗಬೇಕಪ್ಪಾ."

ಚನ್ನವೀರಪ್ಪನವರು ರೊಟ್ಟಿ ಮುರಿಯುವುದನ್ನು ನಿಲ್ಲಿಸಲಿಲ್ಲ. "ಯಾಕ?"

ಹೇಳಿದಳು. ಅವರು ವ್ಯಾಪಾರಿ; ಸರದಿ, ಬಿಡುವು, ಇನ್ನೂರಾ ಮೂವತ್ತೊಂಬತ್ತು ಎಲ್ಲವೂ ಒಂದೇ ಸಲಕ್ಕೆ ತಿಳಿಯಿತು. "ತಪ್ಪ ನಿಂದ ಅದ, ತಿದ್ದಬೇಕು," ಅಂದರು. "ಆದ್ರ ನಮ್ಮ ಕರಾರೂ ಕರಾರ. ನಾಳೆ ಹೋದ್ರ, ನಾಳೆ ಸಂಜೀಗೆ ನೌಕರಿ ಮುಗೀತು."

ತಾಯಿ ಸುಮಿತ್ರಾಬಾಯಿ ಪಲ್ಯದ ಸೌಟು ಹಿಡಿದುಕೊಂಡು ಗಂಡನ ಮುಖ ನೋಡಿದಳು, ಮಗಳ ಮುಖ ನೋಡಿದಳು. ರಾಚಪ್ಪ ತಲೆ ತಗ್ಗಿಸಿ ಉಂಡ. ಅವನಿಗೆ ಬೆಳಿಗ್ಗೆ ಏಳುವ ಆಸೆ ಇರಲಿಲ್ಲ, ಅಪ್ಪನ ಎದುರು ಏಳುವ ಧೈರ್ಯ ಮೊದಲೇ ಇರಲಿಲ್ಲ.

ಗುರುವಾರ ಬೆಳಿಗ್ಗೆ ಅವಳು ನಡೆದುಕೊಂಡೇ ಹೋದಳು. ಮಿಲ್ಲಿನ ಭೋಂಗಾ ಕೂಗುವುದಕ್ಕೆ ಮುಂಚೆ ಗೇಟು ಮುಟ್ಟಿದಳು. ಎರಡೂವರೆ ತಿಂಗಳಿಂದ ಆ ಹೊತ್ತಿಗೆ ಅವಳನ್ನು ಕಾಣದ ಮಂದಿ ತಾವೇ ಎರಡು ಕಡೆ ಸರಿದರು. ಧೂಳಪ್ಪ ಬಿಳಿ ಅಂಗಿ ತೊಟ್ಟು ಬಂದಿದ್ದ. "ಅಕ್ಕಾರ, ನೀವ್ಯಾಕ ಇಷ್ಟ ಲಗೂ?" ಎಂದು ಕೇಳಿದ. ಅವಳು ನೇರ ಒಳಗೆ ಹೋದಳು.

ಅಣ್ಣಾರಾಯ ಆಗಷ್ಟೇ ಬೀಗ ತೆಗೆಯುತ್ತಿದ್ದ. "ನೀ ತಿರುವಬ್ಯಾಡ, ನಾ ಮಾಡತೀನಿ," ಅಂದಳು. ಹಿಂದಿನ ಮುಚ್ಚಳ ಬಿಚ್ಚಿ, ತಾನೇ ಕೂಡಿಸಿಕೊಂಡಿದ್ದ ಉಗುರಿನಷ್ಟು ದೊಡ್ಡ ಆ ವಸ್ತುವನ್ನು ಕಿತ್ತು ತೆಗೆದಳು. ಕೀಲಿ ತಿರುವಿದಳು. ಯಂತ್ರ ಕೆಂಪು ದೀಪ ಬಿಟ್ಟುಕೊಂಡು ಸುಮ್ಮನೆ ಕೂತಿತು. ಹದಿನಾರು ಗುಂಡಿಗಳ ಮೇಲೆ ಬೆರಳಿಟ್ಟಳು. ಹದಿನೇಳನೆಯ ಆಜ್ಞೆಯಲ್ಲಿ ಒಂದು ಗುಂಡಿ ತಪ್ಪಿ ಮೊದಲಿನಿಂದ ಶುರು ಮಾಡಬೇಕಾಯಿತು. ಆಗ ಮಾತ್ರ ಅವಳಿಗೆ ಅಳು ಬಂದಂತಾಯಿತು. ಎರಡನೆಯ ಸಲಕ್ಕೆ ಟೇಪು ತಿರುಗಿತು. ಖಂಡೇಪೂಜೆಯ ಸರದಿಯ ಅಂಕಿಯನ್ನು ಕೈಯಾರೆ ಕೊಟ್ಟಳು. ಆರೂ ಇಪ್ಪತ್ತಕ್ಕೆ ನಲವತ್ತೈದು ಹೆಸರು ಅಚ್ಚಾಗಿ ಬಂದವು. ಮೂವತ್ತೆರಡನೆಯದು ಧೂಳಪ್ಪ, ಕುಂಭಾರಿ, ಇನ್ನೂರಾ ಮೂವತ್ತೊಂಬತ್ತು.

ಬೋರ್ಡಿನ ಮುಂದೆ ಸಣ್ಣ ಗುಸುಗುಸು ಎದ್ದಿತು. ಬಿಡುವು ಬಿದ್ದ ಹದಿನೈದು ಮಂದಿಗೆ ಅವಳೇ ಹೊರಗೆ ಬಂದು, ಹೋದ ವಾರ ಅವರಿಗೆ ಹೆಚ್ಚಿನ ದಿನ ಹೇಗೆ ಸಿಕ್ಕಿತೆಂದು ತಿಳಿಸಿ ಹೇಳಿದಳು. ತಪ್ಪು ನನ್ನದು ಎಂದಳು. ಒಬ್ಬಿಬ್ಬರು ಗೊಣಗಿದರು, ಉಳಿದವರು ಸೈಕಲ್ಲು ಹತ್ತಿದರು. ಏಳಕ್ಕೆ ಧೂಳಪ್ಪ ಮಗ್ಗದ ಮುಂದೆ ಇದ್ದ.

ಸಾತಲಿಂಗಪ್ಪನವರು ಒಂಬತ್ತಕ್ಕೆ ಬಂದರು. ಬೋರ್ಡು ನೋಡಿ ನೇರವಾಗಿ ಥಂಡಿ ಕೋಣೆಗೆ ನಡೆದರು. ಮಂದಿಗೆಲ್ಲ ವಿಷಯ ಗೊತ್ತಾಗಿತ್ತು, ಇನ್ನು ಯಾದಿ ಹರಿದರೆ ಯೂನಿಯನ್ನಿನವರು ಬಾಗಿಲಿಗೆ ಬರುತ್ತಿದ್ದರು. ಅವರು ಎರಡು ನಿಮಿಷ ತಂಪಿನಲ್ಲಿ ನಿಂತು ಸಿಟ್ಟು ಇಳಿಸಿಕೊಂಡರು.

"ಆಟೋಮ್ಯಾಟಿಕ್ ತಗದೀರೇನು?"

"ತಗದೀನ್ರಿ. ಅದು ಇದ್ರ ಯಾರ ಬೇಕಾದ್ರೂ ಎರಡ ಸಲ ತಿರುವಿ ದಿನಾ ಜಿಗಿಸಬಹುದು."

ಆ ಮಾತು ತಮಗೇ ಎಂಬುದು ಅವರಿಗೆ ತಿಳಿಯಿತು. "ಚಲೋ ಆತು. ನಾಳಿಂದ ಐದೂವರೆಗೆ ನೀವ ಬರಬೇಕು. ಬರದಿದ್ರ ಯಾದಿ ಮುಕಾದಮ ಮಾಡ್ತಾನ. ಮೊದಲ ಮಾಡ್ತಿದ್ನಲ್ಲ, ಹಂಗ."

ಹಾಗೆಂದು ಹೋದರು. ಕಸ್ತೂರಬಾಯಿ ಮಧ್ಯಾಹ್ನದವರೆಗೆ ತನ್ನ ಸಾಮಾನು ಒಟ್ಟು ಮಾಡಿದಳು. ಒಂದು ಕೊಡೆ, ಒಂದು ನೀರಿನ ತಂಬಿಗೆ, ವಹಿ, ಎರಡು ಪೆನ್ಸಿಲು. ಇಪ್ಪತ್ತೆರಡು ಆಜ್ಞೆಗಳನ್ನು ಒಂದು ಕಾಗದದ ಮೇಲೆ ಬರೆದಿಡೋಣವೆಂದು ಕೂತಳು. ಬರೆಯುತ್ತ ಬರೆಯುತ್ತ, ಯಾರಿಗೆ ಎಂದು ಅನ್ನಿಸಿ ಏಳನೆಯ ಆಜ್ಞೆಗೇ ಬಿಟ್ಟಳು.

ಮೂರು ಗಂಟೆಗೆ ಧೂಳಪ್ಪ ಬಂದ. ಹಣೆಯ ತುಂಬ ಬೀರಪ್ಪನ ಭಂಡಾರದ ಅರಿಶಿನ, ಕೈಯಲ್ಲಿ ಭಂಡಾರದ ಚೀಲ. ಗೇಟಿನಲ್ಲಿ ಅಣ್ಣಾರಾಯನಿಗೆ ಆಗಲೇ ಹಚ್ಚಿ ಬಂದಿದ್ದ. ಪೂಜೆ ಮಾಡಿದ್ದಕ್ಕೇ ಮಿಷನ್ನಿನೊಳಗೆ ಬೀರಪ್ಪ ಬಂದು ಕೂತ ಎಂಬುದು ಅವನ ಲೆಕ್ಕ. ಆ ಪೂಜೆಯಿಂದಲೇ ತನ್ನ ದಿನ ಕಳೆದುಹೋಗಲಿತ್ತು ಎಂದು ಬೆಳಿಗ್ಗೆ ಎಲ್ಲರ ಜೊತೆ ಕೇಳಿಸಿಕೊಂಡಿದ್ದ; ನಂಬಿರಲಿಲ್ಲ. ಅವಳು ಬಿಡಿಸಿ ಹೇಳಲೂ ಇಲ್ಲ.

"ಕಾಯಂ ಆದ್ನಿರಿ ಅಕ್ಕಾರ. ಇನ್ನ ಮ್ಯಾಲ ಎಷ್ಟ ಉಳದಾವ್ರಿ ಅಂತ ನಿಮ್ಮ ತಲಿ ತಿನ್ನೂದಿಲ್ಲ," ಎಂದು ಕಿಟಕಿಯೊಳಗೆ ಕೈ ಚಾಚಿ ಒಂದು ಚಿಟಿಕೆ ಭಂಡಾರ ಕೊಟ್ಟ. ಅವಳು ಹಣೆಗೆ ಹಚ್ಚಿಕೊಂಡಳು. ಅವನು ಹೊರಟವನು ನಿಂತ. ಮೇಜಿನ ಮೇಲಿನ ಕೊಡೆ, ತಂಬಿಗೆ ಕಂಡವು.

"ನೀವೂ ಕಾಯಂ ಇಲ್ಲಂತಲ್ರಿ? ಅಣ್ಣಾರಾಯ ಅಂದ. ನಿಮ್ಮವು ಎಷ್ಟಾದವ್ರಿ?"

ಅವಳಿಗೆ ಗೊತ್ತಿರಲಿಲ್ಲ. ಅರವತ್ತು ಮಂದಿಯ ದಿನಗಳನ್ನು ದಿನಾ ಅಚ್ಚು ಮಾಡಿದವಳು ತನ್ನದನ್ನು ಒಮ್ಮೆಯೂ ಎಣಿಸಿರಲಿಲ್ಲ. ಯಾದಿಯಲ್ಲಿ ಅವಳ ಹೆಸರಿರಲಿಲ್ಲ. ತಾನು ಕೆಲಸಕ್ಕೆ ಸೇರಿದ ಜನವರಿಯಿಂದ ವಹಿ ತೆಗೆದು, ಅವನನ್ನು ಕಿಟಕಿಯ ಹೊರಗೆ ನಿಲ್ಲಿಸಿಕೊಂಡೇ ಎಣಿಸಿದಳು.

"ಇನ್ನೂರಾ ಮೂವತ್ತೊಂದು."

ಧೂಳಪ್ಪ ಬೆರಳು ಮಡಿಚಿದ. "ಒಂಬತ್ತ ಉಳದಾವ್ರಿ. ಒಂಬತ್ತೇನ ದೊಡ್ಡದರಿ? ನಾ ಎರಡ ವರ್ಸ ಸೊನ್ನಿಗೆ ಬಿದ್ದಾವ. ಗೇಟಿನ್ಯಾಗ ಬಂದ ನಿಂದರಬೇಕ್ರಿ, ಅಷ್ಟ. ಕರೀಲಿ ಬಿಡಲಿ, ನಿಂದರಬೇಕು."

ಸಂಜೆ ಆರಕ್ಕೆ ಅವಳು ಮನೆಗೆ ಬಂದಳು. ಹಣೆಯ ಅರಿಶಿನವನ್ನು ಸುಮಿತ್ರಾಬಾಯಿ ನೋಡಿದಳು. ಚನ್ನವೀರಪ್ಪನವರು ಮಗಳ ಕೈಯಲ್ಲಿ ಕೊಡೆ, ತಂಬಿಗೆ ಇಲ್ಲದ್ದನ್ನು ನೋಡಿದರು; ಅವು ಥಂಡಿ ಕೋಣೆಯಲ್ಲೇ ಉಳಿದಿದ್ದವು.

ಶುಕ್ರವಾರ ಐದೂವರೆಗೆ ಕಸ್ತೂರಬಾಯಿ ಪಡಸಾಲೆಗೆ ಬಂದಾಗ ಅಪ್ಪ ಬಾಗಿಲ ಪಕ್ಕದ ಮಂಚದ ಮೇಲೆ ಎದ್ದು ಕೂತಿದ್ದರು. ಶಲ್ಯ ಹೊದ್ದುಕೊಂಡಿದ್ದರು. ಬಾಗಿಲಿಗೆ ಅಡ್ಡ ಬರಲಿಲ್ಲ.

"ಕರಾರಿನ ಪ್ರಕಾರ ನೌಕರಿ ಮುಗದದಲ್ಲ ಕಸ್ತೂರಿ?"

"ಮುಗದದಪ್ಪಾ. ನಾ ಆ ಕರಾರ ಮುರಿಯಾಕತ್ತೀನಿ," ಅಂದಳು. "ಒಂಬತ್ತ ದಿನ ಉಳದಾವು."

ಜೀವನದಲ್ಲಿ ಚನ್ನವೀರಪ್ಪನವರ ಎದುರು ಕರಾರು ಮುರಿಯುತ್ತೇನೆಂದು ಮುಖ ಕೊಟ್ಟು ಹೇಳಿದವರು ಇದುವರೆಗೆ ಯಾರೂ ಇರಲಿಲ್ಲ. ಅಕ್ಕಲಕೋಟದವರಿಗೆ ಏನು ಹೇಳಬೇಕೆಂದು ಅವರು ಯೋಚಿಸುತ್ತಿದ್ದರೋ ಏನೋ. ಮುಖ ಗೋಡೆಯ ಕಡೆ ತಿರುಗಿಸಿ ಮಲಗಿದರು.

ಅಗಳಿ ಬಿಗಿಯಾಗಿತ್ತು, ಮೊದಲೆಲ್ಲ ರಾಚಪ್ಪ ತೆಗೆಯುತ್ತಿದ್ದದ್ದು. ಅವಳು ಎರಡೂ ಕೈಯಿಂದ ಎಳೆದು ತೆಗೆದಳು.